ಕುಂತೂರಿನ ಬಯಲಲ್ಲಿ ನೆಲ ಬಿಟ್ಟದ್ದು

ಫೆಬ್ರವರಿ 11, ಮಂಗಳವಾರ

ಮಣಿಕಟ್ಟು ಇನ್ನೂ ನೋಯುತ್ತಿದೆ. ಆದರೂ ಬರೆಯಲೇಬೇಕು. ಇವತ್ತು ನನ್ನ ವಿಮಾನ ನೆಲ ಬಿಟ್ಟಿತು.

ನಾನೂ ನನ್ನ ಗಂಡ ನಟರಾಜುವೂ ನಮ್ಮ ವೆಲ್ಡಿಂಗ್ ಶೆಡ್ಡಿನಲ್ಲಿ ಆರು ವರ್ಷ ಕೂತು ಕಟ್ಟಿದ ವಿಮಾನ. ಕುಂತೂರಿನ ಬಯಲಿನಲ್ಲಿ ಸುಮ್ಮನೆ ಓಡಿಸಿ ನೋಡೋಣವೆಂದು ಹೊರಟಿದ್ದೆ. ವೇಗ ಏರಿದಾಗ ಕೈ ತಡೆಯಲಿಲ್ಲ, ಮೇಲೇರಿಸುವ ಹಿಡಿಯನ್ನು ಎಳೆದೇಬಿಟ್ಟೆ. ಚಕ್ರದ ಸದ್ದು ನಿಂತುಹೋಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಲೋಡು ನನಗಿಂತ ಕೆಳಗಿತ್ತು! ಹದಿನೈದು ಎಣಿಸುವಷ್ಟು ಹೊತ್ತು ಹಾರಿದೆ. ಇಳಿಯುವಾಗ ಮುಂದಿನ ಚಕ್ರ ಮುರಿಯಿತು, ನನ್ನ ಮಣಿಕಟ್ಟು ಉಳುಕಿತು.

ಸುದ್ದಿ ತಿಳಿದು ಬಂದ ಪೊಲೀಸರು ನಮ್ಮಿಬ್ಬರನ್ನೂ ಸ್ಟೇಷನ್ನಿಗೆ ಕರೆದೊಯ್ದರು.

"ಇನ್ಮ್ಯಾಕೆ ವಿಮಾನ ಕಟ್ಟಕಿಲ್ಲ ಅಂತ ಬರ್ಕೊಡಮ್ಮ" ಅಂದರು ದಫೇದಾರರು.

"ಪರ್ಮಿಶನ್ ಇಲ್ದೆ ಆರಿಸ್ದೆ, ತಪ್ಪು. ಅದ್ನ ಬರ್ಕೊಡ್ತೀನಿ ಸಾ. ಕಟ್ಟಕಿಲ್ಲ ಅಂತ ಮಾತ್ರ ಬರ್ಯಕಿಲ್ಲ."

ಅವರು ನಟರಾಜು ಕಡೆ ತಿರುಗಿದರು. "ನೀನಾರ ಯೋಳಯ್ಯ ನಿನ್ನೆಂಡ್ರುಗೆ."

"ಚಕ್ರುಕ್ಕೆ ವೆಲ್ಡಿಂಗ್ ಮಾಡಿದ್ದು ನಾನು ಸಾ, ಅದು ಮುರೀತು. ಇವ್ಳು ಆರ್ಸಿದ್ದು ಸರ್ಯಾಗೇ ಇತ್ತು" ಅಂದರು ನಟರಾಜು.

ಮಧ್ಯಾಹ್ನವೆಲ್ಲ ಕೂರಿಸಿದರು. ನಾನು ಕದಲಲಿಲ್ಲ. ಕೊನೆಗೆ ನಾನು ಹೇಳಿದಷ್ಟನ್ನೇ ಬರೆಸಿಕೊಂಡು ಬಿಟ್ಟರು.

ನಾಳೆ ಅನುಮತಿಗೆ ಅರ್ಜಿ ತುಂಬಬೇಕು. ಉದ್ಯೋಗ ಎಂದು ಕೇಳಿದ ಕಡೆಯೆಲ್ಲ ಇಷ್ಟು ವರ್ಷ ಗೃಹಿಣಿ ಎಂದೇ ಬರೆದೆ. ಈ ಸಲ ವಿಮಾನ ಕಟ್ಟುವವಳು ಎಂದು ಬರೆಯುತ್ತೇನೆ. ಬೇಕಾದರೆ ಅವರೇ ಆ ಮಾತನ್ನು ಹೊಡೆದುಹಾಕಲಿ, ನಾನಂತೂ ಅಳಿಸುವುದಿಲ್ಲ.