ಹೇಮಳ ಕಣ್ಣಿನ ಬಳೆ

ಅಜ್ಜಂಪುರ
18-2-1982

ಪ್ರೀತಿಯ ಮಗ ಷಣ್ಮುಖನಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ನೀವೆಲ್ಲ ಹೇಗಿದ್ದೀರಿ? ಕರೆಂಟಿನ ಕಂಬ ಹತ್ತುವಾಗ ಹುಷಾರಪ್ಪ. ಮಲ್ಲಿಕಾಂಬ ಈಗಲಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ? ನನಗೆ ಸೊಸೆಯಾಗುವ ಮೊದಲೇ ಅವಳು ನನ್ನ ಅಣ್ಣನ ಮಗಳು, ಅವಳ ಹಟ ನನಗೆ ಗೊತ್ತು. ಮರಿಯಪ್ಪನ ಕೆಮ್ಮು ಹೋಯಿತೇ? ಅಕ್ಕ ಎಲ್ಲಿ ಅಂತ ಕೇಳುತ್ತಾನೆಯೇ? ಅವನಿಗೆ ನಿಮ್ಮಪ್ಪನ ಹೆಸರಿಟ್ಟು ನನ್ನ ಬಾಯಿ ಕಟ್ಟಿದಿರಿ, ಗಂಡನ ಹೆಸರು ಹಿಡಿದು ಕರೆಯಲಾದೀತೇ? ನನಗೆ ಅವನು ಮರಿಯಪ್ಪನೇ. ತರೀಕೆರೆ ಏನು ದೂರದೇಶವಲ್ಲ, ಆದರೂ ಹೇಮಳ ಮಣ್ಣಿನ ಕಾರ್ಯ ಮುಗಿಸಿ ಹೋದವನು ನೀನು ಇತ್ತ ತಲೆ ಹಾಕಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಮಳನ್ನು ನೋಡಿದ್ದ ಲೇಡಿ ಡಾಕ್ಟರು ಹೋದ ವಾರ ರೈಲಿನಲ್ಲಿ ಬಂದಿದ್ದರು. ಆ ಕಾಯಿಲೆ ಯಾಕೆ ಬರುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದಾರಂತೆ. ಜಗಲಿಯ ಮೇಲೆ ಕೂತು ನಮ್ಮ ವಂಶದವರನ್ನೆಲ್ಲ ಕೇಳಿ, ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆದುಕೊಂಡರು. ನನ್ನ ರಕ್ತವನ್ನೂ ತೆಗೆದರು. ಕಾಯಿಲೆ ಬಂದವರ ಗುರುತೆಂದು ಹೇಮಳ ಸೊನ್ನೆಗೆ ಶಾಯಿ ತುಂಬಿದಾಗ ನೋಡಲಾರದೆ ಒಳಗೆ ಹೋಗಿ ಅತ್ತುಬಿಟ್ಟೆ.

ನನ್ನ ಹತ್ತಿರವೇ ಬೆಳೆದ ಮೊಮ್ಮಗಳು, ಎಂಥ ಮಗು ಅದು! ಕೈ ನಡುಗಿ ಅಕ್ಷರ ಸೊಟ್ಟಗಾದರೆ ಮೇಷ್ಟ್ರು ಹೊಡೆದರು, ಮಾತು ತೊದಲಿದರೆ ನಾವು ಗಾಳಿ ಸೋಕಿತೆಂದು ತಾಯಿತ ಕಟ್ಟಿಸಿದೆವು. ಕಣ್ಣಿನ ಕರಿಗುಡ್ಡೆಯ ಅಂಚಿನ ಸುತ್ತ ಕಂದು ಗೆರೆ ಕಂಡು, "ನಮ್ಮುಡ್ಗಿ ಕಣ್ಣಿಗೂ ಬಳೆ ತೊಟ್ಟವ್ಳೆ ಕಣೋ" ಎಂದು ನಾನೇ ಬೀಗಿದ್ದೆ. ಅದು ಮೈಯಲ್ಲಿ ಸೇರಿಕೊಂಡ ತಾಮ್ರ ಎಂದು ಡಾಕ್ಟರು ದೀಪ ಹಾಕಿ ನೋಡಿ ಹೇಳುವಷ್ಟರಲ್ಲಿ ಕಾಲ ಮಿಂಚಿತ್ತು. ತಾಮ್ರ ಅಂದದ್ದೇ ತಡ, ನೀನು ನನ್ನ ಕಡೆ ತಿರುಗಿದೆ. ದಿನಾ ಬೆಳಿಗ್ಗೆ ಒಳ್ಳೆಯದೆಂದು ತಾಮ್ರದ ಚೊಂಬಿನಲ್ಲಿ ಅವಳಿಗೆ ನೀರು ಕುಡಿಸುತ್ತಿದ್ದವಳು ನಾನಲ್ಲವೇ. ಮಣ್ಣು ಮಾಡಿ ಬಂದ ದಿನ ಎಲ್ಲರೆದುರು, "ನಿನ್ ಚೊಂಬೇ ನನ್ ಮಗೀನ ತಿಂದ್ಬಿಡ್ತು ಕಣಮ್ಮ" ಅಂದೆ. ನನಗೂ ಹಾಗೇ ಅನ್ನಿಸಿತ್ತು.

ಹುಣಸೆಹಣ್ಣು ಹಾಕಿ ತಿಕ್ಕಿದ ಆ ಚೊಂಬು, ಹಂಡೆ ಎಲ್ಲವನ್ನೂ ಮಠಕ್ಕೆ ಕೊಟ್ಟುಬಿಟ್ಟೆ. ಈಗ ಮನೆಯಲ್ಲಿ ಬರೀ ಸ್ಟೀಲು. ನೀರಿಗೆ ರುಚಿಯಿಲ್ಲವೋ, ನನ್ನ ನಾಲಿಗೆಗೇ ಇಲ್ಲವೋ. ಅವಳು ಮಲಗುತ್ತಿದ್ದ ಚಾಪೆಯನ್ನು ಹಾಸುತ್ತೇನೆ, ಮತ್ತೆ ಸುತ್ತಿಡುತ್ತೇನೆ. ತುಂಬಾ ಸಂಕಟವಾಗುತ್ತದೆ ಕಣಪ್ಪ.

ನೀವು ಮೂವರೂ ನೂರು ಕಾಲ ಚೆನ್ನಾಗಿರಿ. ಮರಿಯಪ್ಪನ ಎರಡು ಕೆನ್ನೆಗೂ ನನ್ನ ಮುತ್ತು ಕೊಡು.

ನಿನ್ನ ಅಮ್ಮ,
ಕಾಶಮ್ಮ

ವಿ.ಸೂ.: ಟಪಾಲಿನ ಹೊತ್ತಾಯಿತು, ಬರೆಯಲಾರದೆ ಉಳಿಸಿಕೊಂಡದ್ದನ್ನು ಬರೆದುಬಿಡುತ್ತೇನೆ. ನೀನೂ ನಿನ್ನ ಮನೆಯಿಂದ ತಾಮ್ರವನ್ನೆಲ್ಲ ಆಚೆ ಹಾಕಿ, ಇನ್ನು ಮರಿಯಪ್ಪನಿಗೆ ಭಯವಿಲ್ಲ ಎಂದು ನೆಮ್ಮದಿಯಾಗಿದ್ದೀಯ. ಡಾಕ್ಟರು ಹೇಳಿದರು, ಹಾಗಲ್ಲವಂತೆ. ಕಾಯಿಲೆ ತಂದದ್ದು ಚೊಂಬಲ್ಲ. ಅಪ್ಪ ಅಮ್ಮ ಇಬ್ಬರ ರಕ್ತದಲ್ಲೂ ಅಡಗಿದ್ದ ದೋಷ ಮಗುವಿಗೆ ಬಂದರೆ, ಊಟದಲ್ಲಿರುವ ತಾಮ್ರವೇ ಮೈಯಿಂದ ಹೊರಗೆ ಹೋಗದೆ ನಿಂತುಬಿಡುತ್ತದಂತೆ. ಒಡಹುಟ್ಟಿದವರಿಗೂ ಇರಬಹುದಂತೆ. ಕಣ್ಣಲ್ಲಿ ಬಳೆ ಮೂಡುವ ಮೊದಲೇ ರಕ್ತ, ಮೂತ್ರ ನೋಡಿ ಹೇಳುತ್ತಾರೆ. ಆಗಲೇ ಮಾತ್ರೆ ಶುರು ಮಾಡಿದರೆ ಮಗು ಎಲ್ಲರಂತೆ ಬೆಳೆಯುತ್ತದೆ ಅಂದರು. ಕಾಗದ ಕಂಡ ತಕ್ಷಣ ರಜೆ ಹಾಕಿ ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗು. ಮಲ್ಲಿಕಾಂಬ ಓದಬಾರದೆಂದೇ ನಿನ್ನ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ತನ್ನ ರಕ್ತದಿಂದಲೂ ಬಂತೆಂದು ತಿಳಿದರೆ ಆ ಹುಡುಗಿ ತಡೆದುಕೊಳ್ಳುವುದಿಲ್ಲ. ಓದಿ ಹರಿದುಹಾಕು. ಅವಳು ಕೇಳಿದರೆ, ಅತ್ತೆಯ ಚೊಂಬಿನದೇ ತಪ್ಪು ಅಂತ ಹೇಳು.