ನಿರುದ್ಯೋಗದ ಪಾಠ ನಡುಮನೆಗೆ ಬಂದ ದಿನ

ಬೋಡಿನಾಯಕನೂರು
14 ಜುಲೈ 2025

ನನ್ನ ಮುದ್ದು ಸರಣ್ಯಾ,

ಬೈಯಬೇಡವೇ! ಮದುವೆಯಾದ ಮರುವಾರವೇ ಬರೆಯುತ್ತೇನೆಂದವಳು ಈಗ ಕೂತಿದ್ದೇನೆ. ಫೋನು ಹಿಡಿದರೆ ಮನೆಯವರೆಲ್ಲ ಪ್ರೀತಿಯಿಂದ ಸುತ್ತ ಕೂರುತ್ತಾರೆ, ಮೆಸೇಜುಗಳನ್ನು ನಮ್ಮೆಜಮಾನರು ಎಳಿಲ್ ತಮ್ಮವೇ ಎಂಬಂತೆ ಓದುತ್ತಾರೆ. ಮೈಸೂರಿನಲ್ಲಿ ಎಂ.ಎ. ಓದುವಾಗ ನಾವಿಬ್ಬರೂ ಕಲಿತ ಕನ್ನಡ ಅಕ್ಷರ ಈಗ ಉಪಯೋಗಕ್ಕೆ ಬಂತು ನೋಡು. ಇಲ್ಲಿ ಎಲ್ಲರ ಮನೆಮಾತೂ ಕನ್ನಡ, ಓದಲು ಮಾತ್ರ ಒಬ್ಬರಿಗೂ ಬಾರದು!

ಎಳಿಲ್ ಎಷ್ಟು ಒಳ್ಳೆಯವರು ಗೊತ್ತಾ! ಭಾನುವಾರ ಬೈಕಿನಲ್ಲಿ ಬೋಡಿಮೆಟ್ಟಿಗೆ ಕರೆದೊಯ್ದರು. ಮಂಜಿನಲ್ಲಿ ರಸ್ತೆಯೇ ಕಾಣದು, ನಾನು ಹುಚ್ಚಿಯ ಹಾಗೆ ಹಾಡುತ್ತಿದ್ದೆ. ಅತ್ತೆ ಪಾಪಮ್ಮಾಳ್ ನನ್ನನ್ನು ಅಡುಗೆಮನೆಗೂ ಬಿಡುವುದಿಲ್ಲ. "ಯಾಕ್ ಕಣ್ಣು ಇಷ್ಟ್ ಬೇಗ ಎದ್ದೆ? ಹೋಗು, ಮಲಕ್ಕೋ" ಎಂದು ಮುದ್ದಿನಿಂದ ಗದರುತ್ತಾರೆ. ಮಲಗಿ ಮಲಗಿ ತಾರಸಿಯ ಬಿರುಕುಗಳೆಲ್ಲ ಬಾಯಿಪಾಠವಾಗಿವೆ.

ತೇನಿಯ ಕಾಲೇಜಿನ ಕೆಲಸ ಏನಾಯಿತೆಂದು ಕೇಳಿದ್ದೀಯ. ಮದುವೆಯ ಮಾತುಕತೆಯಲ್ಲೇ "ಧಾರಾಳವಾಗಿ ಹೋಗಲಿ" ಎಂದವರು ಇವರು. ಅರ್ಜಿಯನ್ನೂ ಎಳಿಲ್ ತಾವೇ ತುಂಬಿ, ತಮ್ಮ ಫೋನ್ ನಂಬರ್ ಹಾಕಿ ಕಳಿಸಿದ್ದರು. ಕಾಲೇಜಿನ ಕರೆಗಾಗಿ ಕಾದು ಕಾದು ಸೀರೆಗಳನ್ನೂ ಆರಿಸಿಟ್ಟಿದ್ದೆ.

ಮೊನ್ನೆ ಒಂದು ತಮಾಷೆ. ಯಾರು ಏನು ಕೆಲಸ ಮಾಡುತ್ತಾರೆಂದು ಕೇಳಲು ಸರ್ಕಾರದ ಸಮೀಕ್ಷೆಯವರು ಬಂದರು. ಮುತ್ತುಕುಮಾರ್ ಅಂತ ಹೆಸರು, ಕೈಯಲ್ಲಿ ಟ್ಯಾಬ್. ನಾವು ದಿಂಡಿಗಲ್ಲಿನ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಮಾಡುತ್ತಿದ್ದ ಅರ್ಥಶಾಸ್ತ್ರದ ಪಾಠವೇ ಚಪ್ಪಲಿ ಕಳಚಿಟ್ಟು ನಡುಮನೆಗೆ ಬಂದಂತಿತ್ತು! ಕೆಲಸವಿಲ್ಲದವರೆಲ್ಲ ನಿರುದ್ಯೋಗಿಗಳಲ್ಲ, ಕೆಲಸ ಹುಡುಕುತ್ತಿದ್ದರೆ ಮಾತ್ರ ಆ ಲೆಕ್ಕಕ್ಕೆ ಸೇರುತ್ತಾರೆ ಎಂದು ಎಷ್ಟು ಸಲ ಹೇಳಿದರೂ ಹುಡುಗರು ತಪ್ಪೇ ಬರೆಯುತ್ತಿದ್ದರಲ್ಲ, ಅದೇ ಪಾಠ.

ಮಾವ ಜೆಯರಾಜ್ ಗತ್ತಿನಿಂದ ತಮಿಳಿನಲ್ಲಿ ಶುರುಮಾಡಿದರು. "ನಂದು ಏಲಕ್ಕಿ ಯಾವಾರ, ಮಗಂದೂ ಅದೇ. ಈ ಮನೇಲಿ ಕೆಲ್ಸ ಇಲ್ದಿರೋದು ಬಾಗಿಲಲ್ಲಿರೋ ನಾಯಿಗೆ ಮಾತ್ರ, ಬರ್ಕೊಳ್ಳಿ."

"ಸೊಸೆ?"

"ಅವ್ಳಾ? ಮಹಾರಾಣಿ!" ಎಂದು ನನ್ನತ್ತ ತಿರುಗಿ ಮನೆಮಾತಿನಲ್ಲಿ, "ಅಲ್ವಾ ಕಣ್ಣು?" ಎಂದರು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ನಿನ್ನ ಪುಟ್ಟಿಗೆ ನನ್ನ ಮುತ್ತು. ಅವಳು ನಿನ್ನಷ್ಟೇ ಓದಲಿ, ನಿನಗಿಂತ ಜೋರಾಗಿ ಮಾತಾಡಲಿ.

ಎಂದೆಂದೂ ನಿನ್ನ,
ಜೀವಾ

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ. ಮುತ್ತುಕುಮಾರ್ ಅಷ್ಟಕ್ಕೇ ಬಿಡಲಿಲ್ಲ. "ಎಂ.ಎ. ಓದಿದ್ದೀರಿ. ಕೆಲಸ ಹುಡುಕ್ತಾ ಇಲ್ವಾಮ್ಮ?" ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಎಳಿಲ್ ಮುತ್ತುಕುಮಾರ್ ಕೈಗೆ ಕಾಫಿ ಕೊಡುತ್ತ, "ತೇನಿ ಕಾಲೇಜಿಂದ ಹೋದ ವಾರ ಫೋನ್ ಬಂದಿತ್ತು ಸಾರ್. ನಾನೇ ಬೇಡ ಅಂದ್ಬಿಟ್ಟೆ. ಪಾಪ, ದಿನಾ ಬಸ್ಸಲ್ಲಿ ಅಲೀಬೇಕು" ಎಂದರು. ನನಗೆ ಗೊತ್ತಾದದ್ದು ಆಗಲೇ. ಅತ್ತೆ ನನ್ನ ತಲೆ ಸವರಿದರು. ಮುತ್ತುಕುಮಾರ್ ಮಾತ್ರ ಟ್ಯಾಬಿನ ಮೇಲೆ ಬೆರಳಿಟ್ಟುಕೊಂಡು ನನ್ನ ಉತ್ತರಕ್ಕೇ ಕಾದರು. ಎಲ್ಲರೂ ಅಷ್ಟೊಂದು ಅಕ್ಕರೆಯಿಂದ ನನ್ನನ್ನೇ ನೋಡುತ್ತಿದ್ದರು.

"ಇಲ್ಲ, ಹುಡುಕ್ತಾ ಇಲ್ಲ" ಎಂದೆ.

ಈಗ ನಾನು ನಿರುದ್ಯೋಗಿಯೂ ಅಲ್ಲ, ಸರಣ್ಯಾ.