ಮಹಾನಂದಾಳ ಹೊಸ ಕ್ಯಾಮೆರಾ

೧೪ ಡಿಸೆಂಬರ್ ೨೦೨೫, ರವಿವಾರ, ಶಲವಡಿ

ಇದು ಹೊಟ್ಟೆಕಿಚ್ಚೇ. ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ನಮ್ಮ ಶಾಲೆಗೆ ಹೊಸದಾಗಿ ಬಂದ ಮಹಾನಂದಾ ಟೀಚರ್ ಬರೀ ಮೊಬೈಲಿನಲ್ಲೇ ನನಗಿಂತ ಚೆಂದ ಫೋಟೊ ತೆಗೆಯುತ್ತಾಳೆ. ಹೋದ ವಾರ, "ಅಕ್ಕಾರ, ಹಕ್ಕಿ ಫೋಟೊಕ್ಕ ಯಾವ ಕ್ಯಾಮೆರಾ ತಗೊಳ್ಳಲ್ರಿ?" ಎಂದು ಕೇಳಿದಳು. ಹಾರುವ ಹಕ್ಕಿಗೆ ನನ್ನದರಂಥ ನಡುದರ್ಜೆಯದೇ ಬೇಕೆಂದು ಗೊತ್ತಿದ್ದೂ, "ಕಲಿಯೋರಿಗೆ ಅಗ್ಗದ್ದ ಸಾಕು" ಎಂದೆ. ಅದನ್ನೇ ತಂದಳು.

ಇವತ್ತು ಬೆಳಿಗ್ಗೆ ಇಬ್ಬರೂ ಕಡಲೆ ಹೊಲಕ್ಕೆ ಹೋಗಿದ್ದೆವು. ಗಿಡುಗವೊಂದು ತಲೆಯ ಮೇಲೇ ಹಾದುಹೋಯಿತು. ಅವಳ ಕ್ಯಾಮೆರಾ ಫೋಕಸ್ ಹುಡುಕುವಷ್ಟರಲ್ಲಿ ಹಕ್ಕಿ ಮಾಯ. ತೆಗೆದ ಫೋಟೊ ಎಲ್ಲವೂ ಮಸುಕು. ನನಗೆ ಒಳಗೊಳಗೇ ಖುಷಿಯಾಯಿತು. ಬರೆಯಲು ನಾಚಿಕೆ, ಆದರೂ ಆಯಿತು.

"ನನ್ನ ಕೈನ ಸರಿ ಇಲ್ರಿ ಅಕ್ಕಾರ" ಎಂದಳು.

"ಹೌದವಾ, ರೂಢಿ ಆಗಬೇಕು" ಎಂದೆ.

ಸಂಜೆ ನೋಡಿದರೆ ನಾನು ತೆಗೆದು ಕಳಿಸಿದ ಗಿಡುಗದ ಫೋಟೊವನ್ನು ತನ್ನ ಸ್ಟೇಟಸ್‌ಗೆ ಹಾಕಿಕೊಂಡಿದ್ದಾಳೆ: "ನಮ್ಮ ಮೈತ್ರೇಯಿ ಅಕ್ಕಾರ ತೆಗೆದದ್ದು."

ಅವಳು ಕ್ಯಾಮೆರಾ ಕೊಂಡ ಹುಬ್ಬಳ್ಳಿಯ ಅಂಗಡಿಯವರು ನಾಳೆಯವರೆಗೆ ಅದನ್ನು ಬದಲಿಸಿ ಕೊಡುತ್ತಾರೆ. ನಾನು ಅವಳಿಗೊಂದು ಫೋನ್ ಮಾಡಿದರೆ ಸಾಕು. ಎರಡು ಸಲ ನಂಬರ್ ತೆಗೆದು, ಫೋನ್ ಕೆಳಗಿಟ್ಟೆ. ಅವಳ ಆ ಕಣ್ಣಿಗೆ ನನ್ನದರಂಥ ಕ್ಯಾಮೆರಾವೂ ಸಿಕ್ಕಿಬಿಟ್ಟರೆ, ಆಮೇಲೆ ನಾನು…